ಮಳೆಗೆ ತಕ್ಕ ಟಿ.ವಿ., ಆನೆ ನಾಡಿಗೆ ತಕ್ಕ ಸದ್ದು

ಹಳೆಯ ಟೆಂಪೊ ಟ್ರಾವೆಲರ್ ಕೊಂಡು, ಸೀಟು ಕಿತ್ತು, ಮಂಚ, ಒಲೆ, ನೀರಿನ ಟ್ಯಾಂಕು ಕೂರಿಸಿಕೊಂಡು ಮನೆಮಂದಿಯೊಂದಿಗೆ ಮಲೆನಾಡು ಸುತ್ತಬೇಕೆಂಬ ಆಸೆ ಈಗ ಹಲವರಿಗೆ ಹುಟ್ಟಿದೆ. ಬಾಡಿಗೆಗೆ ಸಿಗುವ ಕ್ಯಾರವಾನ್‌ಗಳೂ ಬೆಂಗಳೂರಿನಿಂದ ಹಾಸನದ ದಾರಿ ಹಿಡಿಯುತ್ತಿವೆ. ನೆರೆಯ ಕೇರಳ 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೆಂದೇ ಒಂದು ನೀತಿಯನ್ನು ತಂದ ಮೇಲೆ ನಮ್ಮಲ್ಲೂ ಆ ಮಾತು ಜೋರಾಗಿದೆ. ಇಂಥ ವಾಹನ ಸಿದ್ಧವಾಗುವ ಗ್ಯಾರೇಜಿನಲ್ಲಿ ಮಾಲೀಕರು ಮೊದಲು ಕೇಳುವುದು ‘ಎಷ್ಟು ಇಂಚಿನ ಟಿ.ವಿ. ಹಾಕಿಸೋಣ?’ ಎಂದು. ಸಕಲೇಶಪುರ, ಆಲೂರಿನ ಗುಡ್ಡಗಳಿಗೆ ಹೋಗುವ ವಾಹನವಾದರೆ ಆ ಪ್ರಶ್ನೆ ಕೊನೆಗೆ ಬರಬೇಕಾದದ್ದು. ಮೊದಲು ಬ್ಯಾಟರಿ, ಆಮೇಲೆ ವೈರಿಂಗ್, ಆಮೇಲೆ ಸ್ಪೀಕರ್. ಇಷ್ಟು ಸರಿಯಾದ ಮೇಲೆ ಟಿ.ವಿ. ಎಷ್ಟು ಇಂಚಿನದಾದರೂ ನಡೆಯುತ್ತದೆ.

ಈ ಪ್ರದೇಶಕ್ಕೆ ಬೇರೆಯೇ ಲೆಕ್ಕ ಏಕೆ ಎನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಹಾಸನ ದಾಟಿ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಆಲೂರಿನ ಕಡೆ ಹೊರಟರೆ ಬಯಲು ಮುಗಿದು ಮಲೆನಾಡು ಶುರುವಾಗುತ್ತದೆ. ಸಕಲೇಶಪುರದಲ್ಲಿ ಹೇಮಾವತಿ ದಾಟಿ ದೋಣಿಗಾಲ್, ಮಾರನಹಳ್ಳಿ ಕಡೆ ಇಳಿದರೆ ಶಿರಾಡಿ ಘಾಟಿ. ಎಡಕ್ಕೆ ತಿರುಗಿ ಹೋದರೆ ಬಿಸಿಲೆ. ಇಲ್ಲಿ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರ್‌ಗೂ ಹೆಚ್ಚು ಮಳೆ, ಘಟ್ಟದ ಅಂಚಿನಲ್ಲಿ ಅದಕ್ಕಿಂತ ಬಹಳ ಹೆಚ್ಚು. ವಾಹನ ನಿಲ್ಲಿಸುವ ಜಾಗ ಎಂದರೆ ಕಾಫಿ ತೋಟ. ಮೇಲೆ ಸಿಲ್ವರ್ ಓಕ್ ಮರಗಳ ನೆರಳು. ಮೊಬೈಲ್ ಸಿಗ್ನಲ್ ಗುಡ್ಡದ ನೆತ್ತಿಯಲ್ಲಿ ಇದ್ದರೆ ಕಣಿವೆಯಲ್ಲಿ ಇಲ್ಲ. ಎಲ್ಲಕ್ಕಿಂತ ಮಿಗಿಲಾಗಿ ಇದು ಆನೆಗಳು ಓಡಾಡುವ ನಾಡು. ಬಯಲುಸೀಮೆಯಲ್ಲಿ ಚೆನ್ನಾಗಿ ನಡೆಯುವ ವ್ಯವಸ್ಥೆ ಇಲ್ಲಿ ಒಂದೇ ರಾತ್ರಿಯಲ್ಲಿ ಕೈಕೊಡಬಹುದು, ಕೆಲವೊಮ್ಮೆ ಅಪಾಯವನ್ನೂ ತರಬಹುದು.

ಕಾನೂನಿನ ಮಾತನ್ನೂ ಇಲ್ಲೇ ಮುಗಿಸೋಣ. ವಾಹನದ ಮೂಲ ರಚನೆಯನ್ನು ನಮ್ಮಿಷ್ಟದಂತೆ ಬದಲಿಸಲು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಬಿಡುವುದಿಲ್ಲ. ಮೋಟಾರ್ ಕ್ಯಾರವಾನ್‌ಗೆಂದೇ ಎಐಎಸ್-124 ಎಂಬ ಮಾನದಂಡವಿದೆ. ಆರ್‌ಟಿಒ ಒಪ್ಪಿಗೆ ಇಲ್ಲದೆ ಬಾಡಿ ಕೆಲಸ ಮಾಡಿಸಿ, ಆಮೇಲೆ ಅದರೊಳಗೆ ಲಕ್ಷಗಟ್ಟಲೆ ಸುರಿದು ಟಿ.ವಿ., ಸ್ಪೀಕರ್ ಹಾಕಿಸುವುದು ಬುದ್ಧಿವಂತಿಕೆಯಲ್ಲ.

ಈಗ ಬ್ಯಾಟರಿ. ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿಯಿಂದ ಟಿ.ವಿ. ನಡೆಸಬಾರದು. ರಾತ್ರಿ ಎರಡು ಸಿನಿಮಾ ನೋಡಿ ಬೆಳಿಗ್ಗೆ ಕೀಲಿ ತಿರುಗಿಸಿದಾಗ ‘ಕಟ್ ಕಟ್’ ಎಂದು ಸದ್ದು ಮಾತ್ರ ಬಂದರೆ, ತೋಟದ ಒಳದಾರಿಯಲ್ಲಿ ಯಾರನ್ನು ಕರೆಯುವುದು? ಮನರಂಜನೆಗೆ, ದೀಪಕ್ಕೆ, ಫ್ಯಾನಿಗೆ ಬೇರೆಯೇ ಬ್ಯಾಟರಿ ಇರಬೇಕು. ಲೀಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ಬೆಲೆ ಹೆಚ್ಚು, ಆದರೆ ತೂಕ ಕಡಿಮೆ. ಇರುವ ಶಕ್ತಿಯಲ್ಲಿ ಹೆಚ್ಚಿನ ಪಾಲನ್ನು ಬಳಸಬಹುದು. ಮನೆಯ ಯುಪಿಎಸ್‌ಗೆ ಹಾಕುವ ಟ್ಯೂಬುಲರ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸುತ್ತಾ ಹೋದರೆ ಅದರ ಆಯಸ್ಸು ಬೇಗ ಮುಗಿಯುತ್ತದೆ. ಮತ್ತೊಂದು ಮುಖ್ಯ ವಿಷಯವಿದೆ: ಚಾರ್ಜ್ ಆಗುವಾಗ ಅದು ಹೈಡ್ರೋಜನ್ ಅನಿಲ ಬಿಡುತ್ತದೆ. ಮಳೆಗೆ ಹೆದರಿ ಕಿಟಕಿಗಳನ್ನೆಲ್ಲ ಮುಚ್ಚಿ ಮಲಗುವ ಜಾಗದಲ್ಲಿ, ಮಂಚದ ಕೆಳಗೆ ಅಂಥ ಬ್ಯಾಟರಿ ಇಡಲೇಬಾರದು. ಇಡಲೇಬೇಕಾದರೆ ಹೊರಕ್ಕೆ ಗಾಳಿ ಹೋಗುವ ಕೊಳವೆ ಇರುವ, ಮುಚ್ಚಿದ ಪೆಟ್ಟಿಗೆ ಮಾಡಿಸಿ.

ಎಷ್ಟು ದೊಡ್ಡ ಬ್ಯಾಟರಿ ಬೇಕು ಎನ್ನುವುದು ಸರಳ ಗುಣಾಕಾರ. 24 ಇಂಚಿನ ಎಲ್‌ಇಡಿ ಟಿ.ವಿ. ಸುಮಾರು 30 ವ್ಯಾಟ್ ತಿನ್ನುತ್ತದೆ. ಸೆಟ್ ಟಾಪ್ ಬಾಕ್ಸ್‌ಗೆ 10, ಹದವಾದ ಸದ್ದಿನಲ್ಲಿ ನಡೆಯುವ ಸಣ್ಣ ಆಂಪ್ಲಿಫೈಯರ್‌ಗೆ 15 ಎಂದಿಟ್ಟುಕೊಳ್ಳಿ. ಒಟ್ಟು 55 ವ್ಯಾಟ್. ಮೂರು ಗಂಟೆ ನೋಡಿದರೆ 165 ವ್ಯಾಟ್ ಅವರ್. 100 ಆಂಪಿಯರ್ ಅವರ್‌ನ ಲೀಥಿಯಂ ಬ್ಯಾಟರಿಯಲ್ಲಿರುವುದು 1280 ವ್ಯಾಟ್ ಅವರ್. ಅಂದರೆ ಒಂದು ಸಂಜೆಯ ಮನರಂಜನೆಗೆ ಎಂಟನೇ ಒಂದು ಭಾಗ ಸಾಕು. ಅದೇ ಬ್ಯಾಟರಿಯಿಂದ ಇಂಡಕ್ಷನ್ ಒಲೆಯನ್ನು ಅರ್ಧ ಗಂಟೆ ಉರಿಸಿದರೆ ಮುಕ್ಕಾಲು ಭಾಗ ಖಾಲಿ! ಅಡುಗೆಗೆ ಗ್ಯಾಸ್ ಇಟ್ಟುಕೊಂಡು ಬ್ಯಾಟರಿಯನ್ನು ಹಾಡಿಗೂ ಬೆಳಕಿಗೂ ಉಳಿಸಿಕೊಳ್ಳುವುದೇ ಇಲ್ಲಿ ಸರಿಯಾದ ದಾರಿ.

ಮಾಡಿನ ಮೇಲೆ ಸೋಲಾರ್ ಹಾಕಿಸಿದ್ದೇವೆ, ಚಿಂತೆಯಿಲ್ಲ ಎನ್ನುವವರಿದ್ದಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಕಲೇಶಪುರದ ತೋಟದಲ್ಲಿ ಸೋಲಾರನ್ನು ನೆಚ್ಚಿಕೊಳ್ಳಬೇಡಿ. ಮೋಡ ಒಂದು ಕಡೆ, ಮರದ ನೆರಳು ಇನ್ನೊಂದು ಕಡೆ. ಪ್ಯಾನೆಲ್‌ನ ಒಂದು ಮೂಲೆಗೆ ನೆರಳು ಬಿದ್ದರೂ ಅದು ಕೊಡುವ ವಿದ್ಯುತ್ ತೀರಾ ಇಳಿದುಹೋಗುತ್ತದೆ. ಮಲೆನಾಡಿನಲ್ಲಿ ಕೈಹಿಡಿಯುವುದು ಎಂಜಿನ್ನಿನ ಆಲ್ಟರ್ನೇಟರ್. ಎರಡು ಬ್ಯಾಟರಿಗಳ ನಡುವೆ 30 ಆಂಪಿಯರ್‌ನ ಡಿಸಿ-ಡಿಸಿ ಚಾರ್ಜರ್ ಹಾಕಿಸಿದರೆ ಹಾಸನದಿಂದ ಸಕಲೇಶಪುರಕ್ಕೆ ಬರುವ ಸುಮಾರು 40 ಕಿಲೋಮೀಟರ್ ದಾರಿಯಲ್ಲೇ ಎರಡು ಸಂಜೆಗೆ ಬೇಕಾದಷ್ಟು ತುಂಬಿಕೊಳ್ಳುತ್ತದೆ. ಹೊಸ ಬಿಎಸ್-6 ವಾಹನಗಳಲ್ಲಿ ಆಲ್ಟರ್ನೇಟರ್‌ನ ವೋಲ್ಟೇಜ್ ಏರಿಳಿಯುತ್ತಿರುವುದರಿಂದ ಬರೀ ರಿಲೇ ಹಾಕಿ ಎರಡೂ ಬ್ಯಾಟರಿ ಜೋಡಿಸುವ ಹಳೆಯ ಪದ್ಧತಿ ಸಾಲದು.

ಟಿ.ವಿ.ಗೆ ಇನ್ವರ್ಟರ್ ಬೇಕಾಗಿಲ್ಲ. 12 ವೋಲ್ಟನ್ನು 230ಕ್ಕೆ ಏರಿಸಿ, ಟಿ.ವಿ.ಯೊಳಗೆ ಮತ್ತೆ ಇಳಿಸುವುದರಲ್ಲಿ ಶಕ್ತಿ ಸುಮ್ಮನೆ ಪೋಲಾಗುತ್ತದೆ. ಏನೂ ನಡೆಯದಿದ್ದರೂ ಇನ್ವರ್ಟರ್ ತನ್ನ ಪಾಡಿಗೆ ಹತ್ತು ಹದಿನೈದು ವ್ಯಾಟ್ ಎಳೆಯುತ್ತಿರುತ್ತದೆ. ಅಂಗಡಿಯಲ್ಲಿ ಟಿ.ವಿ. ಆರಿಸುವಾಗ ಹಿಂಬದಿ ನೋಡಿ. ಗೋಡೆಗೆ ಸಿಕ್ಕಿಸುವ ವೈರ್ ನೇರ ಟಿ.ವಿ.ಗೆ ಹೋಗಿದ್ದರೆ ಬೇಡ. ಲ್ಯಾಪ್‌ಟಾಪ್‌ಗೆ ಇರುವಂತೆ ಹೊರಗೆ ಅಡಾಪ್ಟರ್ ಇದ್ದು, ಅದರ ಮೇಲೆ 12 ವೋಲ್ಟ್ ಅಥವಾ 19 ವೋಲ್ಟ್ ಎಂದು ಬರೆದಿದ್ದರೆ ಅದೇ ನಿಮಗೆ ಬೇಕಾದ ಟಿ.ವಿ. ಆದರೆ ಬ್ಯಾಟರಿಯಿಂದ ನೇರ ಜೋಡಿಸಬೇಡಿ. ಎಂಜಿನ್ ಓಡುವಾಗ ಹನ್ನೆರಡು ವೋಲ್ಟಿನ ಬ್ಯಾಟರಿಯ ತಂತಿಯಲ್ಲಿ 14.4 ವೋಲ್ಟ್‌ವರೆಗೂ ಬರುತ್ತದೆ, ಸ್ಟಾರ್ಟರ್ ತಿರುಗುವ ಕ್ಷಣದಲ್ಲಿ ಕೆಳಕ್ಕೆ ಕುಸಿಯುತ್ತದೆ. ಏರಿದ್ದನ್ನು ಇಳಿಸಿ, ಇಳಿದದ್ದನ್ನು ಏರಿಸಿ ಒಂದೇ ಸಮ ಕೊಡುವ ಚಿಕ್ಕ ರೆಗ್ಯುಲೇಟರ್ ನಡುವೆ ಇರಲೇಬೇಕು. ಸೆಟ್ ಟಾಪ್ ಬಾಕ್ಸ್‌ಗೂ ಇದೇ ಮಾತು.

ವೈರಿಂಗ್‌ನಲ್ಲಿ ಉಳಿತಾಯ ಮಾಡುವವರು ಆಮೇಲೆ ಹೆಚ್ಚು ಕಳೆದುಕೊಳ್ಳುತ್ತಾರೆ. ಬ್ಯಾಟರಿಯಿಂದ ಆಂಪ್ಲಿಫೈಯರ್‌ಗೆ ಐದು ಮೀಟರ್ ದೂರ ಎಂದಾದರೆ ಹೋಗಿ ಬರುವ ತಂತಿ ಹತ್ತು ಮೀಟರ್. 2.5 ಚದರ ಮಿಲಿಮೀಟರ್ ತಂತಿಯಲ್ಲಿ ಹತ್ತು ಆಂಪಿಯರ್ ಹರಿದರೆ ದಾರಿಯಲ್ಲೇ ಮುಕ್ಕಾಲು ವೋಲ್ಟ್ ಕಳೆದುಹೋಗುತ್ತದೆ. ಮನೆಯ 230 ವೋಲ್ಟಿನಲ್ಲಿ ಅದು ಲೆಕ್ಕಕ್ಕಿಲ್ಲ. 12ರಲ್ಲಿ ಅದು ದೊಡ್ಡ ಪಾಲು. ಡ್ರಮ್ ಹೊಡೆತ ಬಂದಾಗಲೆಲ್ಲ ದೀಪ ಮಿಣುಕುವುದು ಇದರಿಂದಲೇ. 6 ಚದರ ಮಿಲಿಮೀಟರ್ ತಂತಿ ಹಾಕಿಸಿದರೆ ಆ ನಷ್ಟ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಫ್ಯೂಸ್ ಇರಬೇಕಾದದ್ದು ಬ್ಯಾಟರಿಯ ಪಕ್ಕದಲ್ಲಿ, ಟಿ.ವಿ.ಯ ಪಕ್ಕದಲ್ಲಲ್ಲ. ದಾರಿಯಲ್ಲಿ ಎಲ್ಲೋ ತಗಡಿಗೆ ಉಜ್ಜಿ ತಂತಿಯ ಮೈ ಕಿತ್ತುಹೋದರೆ ಬೆಂಕಿ ಹತ್ತದಂತೆ ಕಾಯುವುದು ಆ ಫ್ಯೂಸ್ ಒಂದೇ. ಸುತ್ತ ಮರದ ಹಲಗೆ, ಹಾಸಿಗೆ, ಗ್ಯಾಸ್ ಸಿಲಿಂಡರ್ ಇರುವ ವಾಹನವಿದು ಎಂಬುದನ್ನು ಮರೆಯಬಾರದು.

ಇನ್ನು ಎಲ್ಲರನ್ನೂ ಕಾಡುವ ಆ ‘ಕುಂಯ್’ ಸದ್ದು. ಎಂಜಿನ್ ಓಡುತ್ತಿರುವಾಗ ಸ್ಪೀಕರ್‌ನಲ್ಲಿ ಸಣ್ಣಗೆ ಶುರುವಾಗಿ, ಆಕ್ಸಿಲರೇಟರ್ ಒತ್ತಿದಂತೆ ಏರುತ್ತಾ ಹೋಗುವ ಕೀರಲು ದನಿ. ಸ್ಪೀಕರ್ ಹಾಳಾಗಿದೆ ಎಂದುಕೊಂಡು ಬದಲಿಸುವವರೇ ಹೆಚ್ಚು. ಅದು ಅರ್ಥಿಂಗ್ ತೊಂದರೆ. ಟಿ.ವಿ.ಯ ನೆಗೆಟಿವ್ ತಂತಿ ಒಂದು ಕಡೆ ಬಾಡಿಗೆ ಕಟ್ಟಿದ್ದು, ಆಂಪ್ಲಿಫೈಯರ್‌ನದ್ದು ಇನ್ನೊಂದು ಕಡೆ ಕಟ್ಟಿದ್ದರೆ ಆ ಎರಡು ಜಾಗಗಳ ನಡುವಿನ ಸಣ್ಣ ವೋಲ್ಟೇಜ್ ವ್ಯತ್ಯಾಸ ಆಡಿಯೊ ತಂತಿಯ ಮೂಲಕ ಹರಿದು ಆಲ್ಟರ್ನೇಟರ್‌ನ ಸದ್ದನ್ನು ಸ್ಪೀಕರ್‌ಗೆ ತಂದು ಮುಟ್ಟಿಸುತ್ತದೆ. ಪತ್ತೆ ಹಚ್ಚುವ ಕ್ರಮ ಹೀಗೆ: ಎಂಜಿನ್ ಓಡುತ್ತಿರಲಿ, ಆಂಪ್ಲಿಫೈಯರ್‌ನ ಹಿಂದಿನಿಂದ ಆಡಿಯೊ ಪಿನ್ ಕಳಚಿ. ಸದ್ದು ನಿಂತರೆ ತಪ್ಪು ಇರುವುದು ಟಿ.ವಿ. ಮತ್ತು ಆಂಪ್ಲಿಫೈಯರ್ ನಡುವೆ. ನಿಲ್ಲದಿದ್ದರೆ ಆಂಪ್ಲಿಫೈಯರ್‌ನ ಸ್ವಂತ ತಂತಿಯಲ್ಲಿ. ಎಲ್ಲ ನೆಗೆಟಿವ್ ತಂತಿಗಳನ್ನೂ ಒಂದೇ ತಾಮ್ರದ ಪಟ್ಟಿಗೆ ತಂದು, ಅಲ್ಲಿಂದ ಒಂದೇ ದಪ್ಪ ತಂತಿಯಲ್ಲಿ ಬ್ಯಾಟರಿಗೆ ಒಯ್ದರೆ ಹೆಚ್ಚಿನ ಸಂದರ್ಭದಲ್ಲಿ ಆ ಕೀರಲು ಅಲ್ಲಿಗೆ ಮುಗಿಯುತ್ತದೆ. ಆಟೊ ಎಲೆಕ್ಟ್ರಿಷಿಯನ್‌ಗೆ ಈ ಕೆಲಸ ಅರ್ಧ ದಿನದ್ದು. ಬಾಡಿಯ ಹಲಗೆ ಮುಚ್ಚುವ ಮುನ್ನವೇ ಮಾಡಿಸಿಕೊಳ್ಳಿ.

ಟಿ.ವಿ. ಗಟ್ಟಿಯಾಗಿ ಕೂರಬೇಕು. ಶಿರಾಡಿಯ ತಿರುವುಗಳಲ್ಲಿ, ತೋಟದ ಕಲ್ಲು ದಾರಿಯಲ್ಲಿ ವಾಹನ ಓಲಾಡುವಾಗ ಗೋಡೆಗೆ ನೇತುಹಾಕಿದ ಟಿ.ವಿ.ಯ ಭಾರವೆಲ್ಲ ನಾಲ್ಕು ಸ್ಕ್ರೂಗಳ ಮೇಲೆ ಬೀಳುತ್ತದೆ. ಪ್ಲೈವುಡ್‌ಗೆ ಬರೀ ಸ್ಕ್ರೂ ಹೊಡೆಯದೆ, ಹಿಂದೆ ಕಬ್ಬಿಣದ ಪಟ್ಟಿ ಕೊಟ್ಟು, ಅಲುಗಾಟಕ್ಕೆ ಸಡಿಲವಾಗದ ನೈಲಾನ್ ನಟ್ ಹಾಕಿಸಬೇಕು. ಮಡಚುವ ತೋಳಿಗೆ ಬೀಗದ ಪಿನ್ ಇರಲಿ. ಇನ್ನೂ ಒಳ್ಳೆಯದೆಂದರೆ ಹೊರಡುವ ಮುನ್ನ ಟಿ.ವಿ.ಯನ್ನು ಕಳಚಿ ಹಾಸಿಗೆಯ ಮೇಲೆ, ಕಂಬಳಿಯ ನಡುವೆ ಇಡುವುದು. ವಾಹನದೊಳಗೆ ನಾವು ಟಿ.ವಿ.ಯಿಂದ ನಾಲ್ಕೈದು ಅಡಿ ದೂರದಲ್ಲಿ ಕೂರುವವರು. ಅಷ್ಟು ಹತ್ತಿರಕ್ಕೆ 24 ಇಂಚು ಧಾರಾಳ. ದೊಡ್ಡದಕ್ಕೆ ಕೊಡುವ ಹಣ ಸ್ಪೀಕರ್‌ಗೆ ಹೋಗಲಿ. ಚಾಲಕನ ಕಣ್ಣಿಗೆ ಬೀಳುವ ಜಾಗದಲ್ಲಂತೂ ಟಿ.ವಿ. ಬೇಡವೇ ಬೇಡ.

ಟಿ.ವಿ.ಗೆ ಚಿತ್ರ ಎಲ್ಲಿಂದ ಬರಬೇಕು? ಹಳೆಯ ಮೀನಿನ ಮೂಳೆಯಂಥ ಆಂಟೆನಾವನ್ನು ಮರೆತುಬಿಡಿ. ದೂರದರ್ಶನದ ಅನಲಾಗ್ ಪ್ರಸಾರ ಬಹುತೇಕ ನಿಂತುಹೋಗಿದೆ. ಉಳಿದದ್ದು ಡಿಶ್. ಹಾಸನ ಜಿಲ್ಲೆಯವರು ಹೆಮ್ಮೆಪಡಬಹುದಾದ ಸಂಗತಿ ಇಲ್ಲಿದೆ. ತಿಂಗಳ ಬಾಡಿಗೆ ಇಲ್ಲದ ಡಿಡಿ ಫ್ರೀ ಡಿಶ್‌ನ ಚಾನೆಲ್‌ಗಳು, ನಮ್ಮ ಚಂದನವೂ ಸೇರಿ, ಇಳಿದು ಬರುವುದು ಜಿಸ್ಯಾಟ್-15 ಉಪಗ್ರಹದಿಂದ. 2015ರ ನವೆಂಬರ್‌ನಲ್ಲಿ ಏರಿಯಾನ್ ರಾಕೆಟ್‌ನಲ್ಲಿ ಹಾರಿದ ಆ ಉಪಗ್ರಹವನ್ನು ಭೂಮಿಯಿಂದ ಸುಮಾರು 36 ಸಾವಿರ ಕಿಲೋಮೀಟರ್ ಎತ್ತರದ ಕಕ್ಷೆಗೆ ಸೇರಿಸಿದ್ದು ಇಸ್ರೊದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ. 1982ರಲ್ಲಿ ಶುರುವಾದ ಆ ಕೇಂದ್ರ ಇರುವುದು ಹಾಸನ ನಗರದಲ್ಲೇ. ನಿಮ್ಮ ಕ್ಯಾರವಾನ್ ಅದೇ ಊರನ್ನು ದಾಟಿಕೊಂಡು ಬಂದಿರುತ್ತದೆ.

ಆ ಉಪಗ್ರಹ ನಿಂತಿರುವುದು ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿ. ಸಕಲೇಶಪುರದಲ್ಲಿ ನಿಂತು ನೋಡಿದರೆ ಅದು ಆಗ್ನೇಯಕ್ಕೆ, ದಿಕ್ಸೂಚಿಯಲ್ಲಿ ಸುಮಾರು 125 ಡಿಗ್ರಿಗೆ, ನೆಲದಿಂದ ಸುಮಾರು 64 ಡಿಗ್ರಿ ಎತ್ತರದಲ್ಲಿದೆ. ನೆತ್ತಿಯಿಂದ ಸ್ವಲ್ಪವೇ ಕೆಳಗೆ ಎನ್ನಬಹುದು. ಯುರೋಪಿನ ಕ್ಯಾರವಾನ್‌ನವರಿಗೆ ಉಪಗ್ರಹ ಬಾನಂಚಿನ ಹತ್ತಿರ ಇರುವುದರಿಂದ ದೂರದ ಮರವೂ ಅಡ್ಡ ಬರುತ್ತದೆ. ನಮಗೆ ಆ ಕಷ್ಟವಿಲ್ಲ. ಡಿಶ್‌ಗಿಂತ 20 ಮೀಟರ್ ಎತ್ತರದ ಸಿಲ್ವರ್ ಓಕ್ ಮರ ಆಗ್ನೇಯ ದಿಕ್ಕಿಗೆ ಇದ್ದರೂ ಡಿಶ್ ಅದರಿಂದ ಹತ್ತು ಹನ್ನೆರಡು ಮೀಟರ್ ದೂರದಲ್ಲಿದ್ದರೆ ಸಾಕು, ಸಿಗ್ನಲ್ ಮರದ ತುದಿಯ ಮೇಲಿಂದ ಹಾದು ಬರುತ್ತದೆ. ಕಾಫಿ ಒಣಗಿಸುವ ಕಣ ಇದಕ್ಕೆ ಹೇಳಿ ಮಾಡಿಸಿದ ಜಾಗ, ಸುತ್ತ ಬಯಲು, ನೆಲ ಸಮ. ಆದರೆ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕಣದ ತುಂಬ ಕಾಫಿ ಹರವಿರುತ್ತದೆ. ಮಾಲೀಕರನ್ನೋ ತೋಟದ ಲೆಕ್ಕ ನೋಡುವ ರೈಟರನ್ನೋ ಕೇಳದೆ ಅಲ್ಲಿ ಚಕ್ರ ಇಡಬೇಡಿ.

ಡಿಶ್ ಕೂರಿಸುವಾಗ ಬಹಳ ಮಂದಿ ಎಡವುವುದು ಎರಡು ಕಡೆ. ಮೊದಲನೆಯದು, ತಟ್ಟೆ ಮುಖ ಮಾಡಿದ ಕಡೆಗೇ ಉಪಗ್ರಹ ಇದೆ ಎಂದುಕೊಳ್ಳುವುದು. ಮನೆಗಳ ಮೇಲಿರುವ ಡಿಶ್‌ಗಳಲ್ಲಿ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿ ನಡುವೆ ಇರದೆ ಕೆಳಗೆ ತೋಳಿನ ತುದಿಯಲ್ಲಿರುತ್ತದೆ. ಹಾಗಾಗಿ ತಟ್ಟೆ ನಿಜವಾಗಿ ನೋಡುತ್ತಿರುವ ದಿಕ್ಕು ಕಣ್ಣಿಗೆ ಕಾಣುವುದಕ್ಕಿಂತ ಇಪ್ಪತ್ತು ಡಿಗ್ರಿಗೂ ಹೆಚ್ಚು ಮೇಲಿರುತ್ತದೆ. ತಟ್ಟೆ ಎದುರಿನ ಮರವನ್ನೇ ನೋಡುತ್ತಿರುವಂತೆ ಕಂಡರೂ ಗಾಬರಿ ಬೇಡ. ಎರಡನೆಯದು ಎಲ್‌ಎನ್‌ಬಿಯನ್ನು ಅದರ ಹಿಡಿಕೆಯಲ್ಲಿ ತಿರುಗಿಸದೆ ನೆಟ್ಟಗೆ ಬಿಡುವುದು. ನಮ್ಮ ಭಾಗದಿಂದ ಈ ಉಪಗ್ರಹಕ್ಕೆ ಅದನ್ನು ಸುಮಾರು 50 ಡಿಗ್ರಿ ಓರೆಯಾಗಿ ತಿರುಗಿಸಬೇಕು. ಇಲ್ಲದಿದ್ದರೆ ಕೆಲವು ಚಾನೆಲ್ ಬಂದು ಕೆಲವು ಬರುವುದಿಲ್ಲ. ಮೂರು ಕಾಲಿನ ಸ್ಟ್ಯಾಂಡಿಗೆ ಡಿಶ್ ಬಿಗಿದು, ನಡುವೆ ಇಪ್ಪತ್ತು ಲೀಟರಿನ ನೀರಿನ ಕ್ಯಾನ್ ನೇತುಹಾಕಿ, ಗಾಳಿಗೆ ಅಲುಗುವುದಿಲ್ಲ. ಆಮೇಲೆ ಬಾಕ್ಸ್‌ನ ಸಿಗ್ನಲ್ ಪರದೆ ನೋಡುತ್ತಾ ಒಂದೊಂದೇ ಡಿಗ್ರಿ ಸರಿಸಿ, ಪ್ರತಿ ಸಲವೂ ಎರಡು ಮೂರು ಸೆಕೆಂಡು ಕಾಯಬೇಕು. ಬಾಕ್ಸ್ ನಿಧಾನ, ಕೈ ಅವಸರ ಮಾಡಿದರೆ ಸರಿಯಾದ ಜಾಗವನ್ನು ದಾಟಿ ಹೋಗಿಬಿಡುತ್ತದೆ.

ಇಷ್ಟೆಲ್ಲ ಮಾಡಿದರೂ ಜಡಿಮಳೆ ಬಂದಾಗ ಚಿತ್ರ ಚೌಕ ಚೌಕವಾಗಿ ಒಡೆದು ನಿಂತುಹೋಗುತ್ತದೆ. ಡಿಟಿಎಚ್ ಬಳಸುವ ಕೆಯು ಬ್ಯಾಂಡಿನ ಅಲೆಗಳ ಉದ್ದ ಎರಡೂವರೆ ಸೆಂಟಿಮೀಟರ್ ಆಸುಪಾಸು. ದಪ್ಪ ಮಳೆಹನಿಗಳು ಆ ಅಲೆಗಳನ್ನು ಹೀರಿ ಚೆದುರಿಸುತ್ತವೆ. 60 ಸೆಂಟಿಮೀಟರಿನ ತಟ್ಟೆಗಿಂತ 90ರ ತಟ್ಟೆ ಸ್ವಲ್ಪ ಹೆಚ್ಚು ಹೊತ್ತು ತಡೆದೀತು, ಅಷ್ಟೆ. ಮಳೆಗಾಲದ ಮೂರು ತಿಂಗಳು ಈ ಗುಡ್ಡಗಳಲ್ಲಿ ಡಿಶ್ ನೆಚ್ಚಿ ಕೂರುವುದು ವ್ಯರ್ಥ. ವಾಹನ ಓಡುವಾಗಲೂ ಉಪಗ್ರಹವನ್ನು ಹಿಂಬಾಲಿಸುವ ದುಬಾರಿ ಗುಮ್ಮಟದ ಆಂಟೆನಾಗಳೂ ಬರುತ್ತವೆ. ಮರದ ಕೆಳಗೆ, ಮಳೆಯ ನಡುವೆ ಓಡಾಡುವವರಿಗೆ ಆ ಖರ್ಚು ದಂಡ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊಬೈಲ್ ಇಂಟರ್ನೆಟ್ಟೂ ಪೂರ್ತಿ ನಂಬಿಕೆಗೆ ಅರ್ಹವಲ್ಲ. ಸ್ಪಷ್ಟವಾದ ಎಚ್‌ಡಿ ಚಿತ್ರಕ್ಕೆ ಗಂಟೆಗೆ ಸುಮಾರು ಮೂರು ಜಿಬಿ ಡೇಟಾ ಬೇಕು. ಬಿಸಿಲೆಯಂಥ ಕಡೆ ಒಂದು ಫೋನ್ ಕರೆ ಹೋಗುವುದೇ ಕಷ್ಟ. ಮಾಡಿನ ಮೇಲೆ ಆಂಟೆನಾ ಇರುವ 4ಜಿ ರೂಟರ್ ಹಾಕಿದರೆ ಸಣ್ಣ ಸಿಗ್ನಲ್ ದೊಡ್ಡದಾದೀತು; ಇಲ್ಲದ ಸಿಗ್ನಲ್ಲನ್ನು ಅದು ಹುಟ್ಟಿಸುವುದಿಲ್ಲ. ಆದ್ದರಿಂದ ನನ್ನ ಸಲಹೆ ಒಂದೇ. ನೋಡಬೇಕಾದದ್ದನ್ನು, ಕೇಳಬೇಕಾದದ್ದನ್ನು ಮನೆಯ ವೈಫೈನಲ್ಲೇ ಇಳಿಸಿಕೊಂಡು ಹೊರಡಿ. ಒಟಿಟಿ ಆ್ಯಪ್‌ಗಳಲ್ಲಿ ಇಳಿಸಿದ ಚಿತ್ರಕ್ಕೆ ಅವಧಿ ಇರುತ್ತದೆ. ಹೊರಡುವ ಹಿಂದಿನ ದಿನ ಒಮ್ಮೆ ತೆರೆದು ನೋಡಿ. ಸಕಲೇಶಪುರದ ಮಳೆಯನ್ನೇ ಊರೂರಿಗೆ ತೋರಿಸಿದ ‘ಮುಂಗಾರು ಮಳೆ’ಯನ್ನು ಅದೇ ಮಳೆಯ ನಡುವೆ ಕುಳಿತು ಮಕ್ಕಳಿಗೆ ತೋರಿಸುವ ಖುಷಿಗೆ ಡಿಶ್ಶೂ ಬೇಡ, ಟವರೂ ಬೇಡ.

ಈ ಎಲ್ಲದರ ನಡುವೆ ಜನ ಮರೆತಿರುವುದು ರೇಡಿಯೊವನ್ನು. ಹಾಸನ ಆಕಾಶವಾಣಿಯ 102.2 ಎಫ್‌ಎಂ ಈ ತಾಲ್ಲೂಕುಗಳ ಸ್ವಂತ ದನಿ. ರಸ್ತೆ ಕುಸಿತ, ಶಾಲೆಗೆ ರಜೆ, ಹವಾಮಾನ ಎಲ್ಲವೂ ನಮ್ಮ ಮಾತಿನಲ್ಲೇ ಬರುತ್ತವೆ. ಎಫ್‌ಎಂ ಅಲೆ ನೇರ ನೋಟಕ್ಕೆ ಸಿಕ್ಕಿದರೆ ಮಾತ್ರ ಚೆನ್ನ, ಗುಡ್ಡದ ಮರೆಗೆ ಹೋದರೆ ಸೊರಗುತ್ತದೆ. ಸುಮಾರು 73 ಸೆಂಟಿಮೀಟರ್ ಉದ್ದದ ನೆಟ್ಟನೆಯ ಕಡ್ಡಿ ಆಂಟೆನಾ, ಅಂದರೆ ಆ ಅಲೆಯ ಉದ್ದದ ಕಾಲು ಭಾಗ, ತಗಡಿನ ಮಾಡಿನ ನಡುವೆ ಇದ್ದರೆ ಕಣಿವೆಯಲ್ಲೂ ಆದಷ್ಟು ಹಿಡಿಯುತ್ತದೆ. ಮಾಡಿಗೆ ತೂತು ಕೊರೆಸಬೇಡಿ, ಮಲೆನಾಡಿನ ಮಳೆ ಆ ತೂತನ್ನು ಹುಡುಕಿಕೊಂಡು ಬರುತ್ತದೆ. ಅಯಸ್ಕಾಂತದ ಬುಡ ಇರುವ ಆಂಟೆನಾ ಸಾಕು. ರೇಡಿಯೊ ಬರೀ ಗೊರಗೊರ ಎನ್ನುತ್ತಿದ್ದರೆ ವಾಹನದೊಳಗಿನ ಅಗ್ಗದ ಎಲ್‌ಇಡಿ ಪಟ್ಟಿ, ಸೋಲಾರ್ ಕಂಟ್ರೋಲರ್, ಯುಎಸ್‌ಬಿ ಚಾರ್ಜರ್‌ಗಳನ್ನು ಒಂದೊಂದಾಗಿ ಆರಿಸಿ ನೋಡಿ. ಹೆಚ್ಚಿನ ಸಲ ಕಳ್ಳ ಒಳಗೇ ಇರುತ್ತಾನೆ. ಮೀಡಿಯಂ ವೇವ್ ಇರುವ ರೇಡಿಯೊ ಸಿಕ್ಕರೆ ಬಿಡಬೇಡಿ. ಆ ಅಲೆ ಗುಡ್ಡ ಬಳಸಿಕೊಂಡು ಬರುತ್ತದೆ, ಕತ್ತಲಾದ ಮೇಲೆ ಇನ್ನೂ ದೂರದಿಂದ ಬರುತ್ತದೆ. ಭದ್ರಾವತಿಯ 675, ಬೆಂಗಳೂರಿನ 612 ಕಿಲೋಹರ್ಟ್ಸ್‌ಗಳನ್ನು ಹುಡುಕಿ ನೋಡಿ.

ಈಗ ಸ್ಪೀಕರ್. ವಾಹನದೊಳಗಿನ ಜಾಗ ಒಂದು ಸಣ್ಣ ಕೋಣೆಯಷ್ಟೂ ಇಲ್ಲ. ಚಾನೆಲ್‌ಗೆ 20 ವ್ಯಾಟ್ ಇರುವ ಆಂಪ್ಲಿಫೈಯರ್, ಒಳ್ಳೆಯ ಐದು ಇಂಚಿನ ಎರಡು ಸ್ಪೀಕರ್ ಬೇಕಾದಷ್ಟಾಯಿತು. ಕೂತವರ ಕಿವಿಯ ಎತ್ತರಕ್ಕೆ, ಅವರ ಕಡೆಗೆ ಮುಖ ಮಾಡಿ ಇಟ್ಟರೆ ಮಾತು ಸ್ಪಷ್ಟವಾಗಿ ಕೇಳುತ್ತದೆ, ಸದ್ದು ಏರಿಸುವ ಅಗತ್ಯವೇ ಬೀಳುವುದಿಲ್ಲ. ಮಾಡಿನ ಮೇಲೆ ಮಳೆ ಬಡಿಯುವಾಗ ಸಂಭಾಷಣೆ ಕೇಳದೆ ಎಲ್ಲರೂ ವಾಲ್ಯೂಮ್ ಏರಿಸುತ್ತಾರೆ. ಅದಕ್ಕೆ ಮದ್ದು ಇರುವುದು ಮಾಡಿನಲ್ಲಿ: ತಗಡಿನ ಒಳಮೈಗೆ ಬ್ಯುಟೈಲ್ ರಬ್ಬರ್ ಹಾಳೆ ಅಂಟಿಸಿ, ಅದರ ಮೇಲೆ ಫೋಮ್ ಕೊಟ್ಟರೆ ಮಳೆಯ ಬಡಿತ ತಗ್ಗುತ್ತದೆ, ಹಾಡಿಗೆ ತಗಡು ಗಿಲಗಿಲ ಅಲುಗುವುದೂ ನಿಲ್ಲುತ್ತದೆ. ಕಾಗದದ ಕೋನ್ ಇರುವ ಸ್ಪೀಕರ್ ಇಲ್ಲಿನ ತೇವಕ್ಕೆ ಮೆತ್ತಗಾಗಿ ಹಾಳಾಗುತ್ತದೆ, ಪಾಲಿಪ್ರೊಪಿಲೀನ್ ಕೋನ್ ಇರುವುದನ್ನೇ ಕೇಳಿ ಕೊಳ್ಳಿ. ಮಂಚದ ಕೆಳಗೆ ದೊಡ್ಡ ಸಬ್‌ವೂಫರ್ ಇಡಿಸುವ ಹುಚ್ಚು ಬೇಡ. ಅದರ ಗುಡುಗು ತೆಳು ಗೋಡೆಗಳನ್ನು ದಾಟಿ ಒಳಗಿನವರಿಗಿಂತ ಹೆಚ್ಚು ಹೊರಗಿನವರಿಗೇ ಕೇಳುತ್ತದೆ.

ಹೊರಗಿನವರು ಎಂದರೆ ಯಾರು? ತೋಟದ ಲೈನ್ ಮನೆಗಳಲ್ಲಿ ಮಲಗಿರುವ, ನಸುಕಿಗೇ ಎದ್ದು ಕೆಲಸಕ್ಕೆ ಹೋಗಬೇಕಾದ ಜನ. ಒಂದು ಕಾಲದಲ್ಲಿ ಟೂರಿಂಗ್ ಟಾಕೀಸಿನವರು ಆಟ ಶುರುವಾಗುವ ಮುನ್ನ ಭಕ್ತಿಗೀತೆಯನ್ನು ಊರಿಗೆಲ್ಲ ಕೇಳುವಂತೆ ಹಾಕುತ್ತಿದ್ದರು. ಅದು ಊರನ್ನು ಕರೆಯುವ ಸದ್ದು, ಊರು ಅದಕ್ಕೆ ಕಾಯುತ್ತಿತ್ತು. ಕ್ಯಾರವಾನ್‌ನ ಹೊರಗೋಡೆಗೆ ಸ್ಪೀಕರ್ ಬಿಗಿದು ನಡುರಾತ್ರಿವರೆಗೆ ಕುಣಿಯುವುದನ್ನು ಯಾರೂ ಕಾಯುತ್ತಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಖಾಸಗಿ ಜಾಗವಾದರೂ ಅದರ ಗಡಿಯಲ್ಲಿ ಈ ಮಿತಿಗಿಂತ 5 ಡೆಸಿಬಲ್‌ಗೂ ಹೆಚ್ಚು ಸದ್ದು ಕೇಳುವಂತಿಲ್ಲ. ಎಸ್ಟೇಟ್ ಒಳಗೆ ಕಾನೂನು ಇಲ್ಲ ಎಂದುಕೊಳ್ಳುವುದು ತಪ್ಪು ತಿಳಿವಳಿಕೆ.

ಸದ್ದು ತಗ್ಗಿಸಲು ಅದಕ್ಕಿಂತ ದೊಡ್ಡ ಕಾರಣ ಆನೆ. ಆಲೂರು, ಸಕಲೇಶಪುರದ ಆನೆಗಳು ದೂರದ ಕಾಡಿನಲ್ಲಿಲ್ಲ, ಕಾಫಿ ತೋಟಗಳಲ್ಲೇ ಬದುಕುತ್ತವೆ. ಹಲಸು ಹಣ್ಣಾಗುವ ಕಾಲದಲ್ಲಿ, ಗದ್ದೆಯಲ್ಲಿ ಭತ್ತ ತೆನೆಯೊಡೆದಾಗ, ಬೈನೆ ಮರ ಇರುವ ಕಡೆ ಅವು ಬಂದೇ ಬರುತ್ತವೆ. ಭೀಮ ಎಂದು ಜನರೇ ಹೆಸರಿಟ್ಟ ಸಲಗ ಹಗಲಲ್ಲೇ ಊರ ನಡುವೆ ಹಾದುಹೋಗುವುದನ್ನು ಇಲ್ಲಿಯವರು ಕಂಡಿದ್ದಾರೆ. ಮೈಸೂರು ದಸರೆಯಲ್ಲಿ ಎಂಟು ಬಾರಿ ಅಂಬಾರಿ ಹೊತ್ತ ಸಾಕಾನೆ ಅರ್ಜುನ 2023ರ ಡಿಸೆಂಬರ್ 4ರಂದು ಕಾಡಾನೆಯೊಂದಿಗಿನ ಕಾಳಗದಲ್ಲಿ ಸತ್ತದ್ದು ಇದೇ ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ. ಅಷ್ಟು ಪಳಗಿದ, ಅಷ್ಟು ಬಲದ ಆನೆಗೇ ಹೀಗಾದ ನೆಲವಿದು.

ತೋಟದ ಕೆಲಸದವರು ಆನೆಯನ್ನು ಮೊದಲು ಕಣ್ಣಿನಿಂದ ಪತ್ತೆ ಮಾಡುವುದಿಲ್ಲ, ಕಿವಿಯಿಂದ. ಬೈನೆ ಮುರಿಯುವ ಚಟಪಟ, ಕಾಫಿ ಗಿಡ ಸರಸರ ಸರಿಯುವ ಸದ್ದು, ಲೈನಿನ ನಾಯಿ ಒಂದೇ ಸಮ ಬೊಗಳುವ ರೀತಿ, ಯಾರೋ ದೂರದಿಂದ ಕೂಗಿ ಹೇಳುವ ಮಾತು. ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯವರು ಹಿಂಡು ಎಲ್ಲಿದೆ ಎಂದು ಮೊಬೈಲ್ ಸಂದೇಶ ಕಳಿಸುತ್ತಾರೆ. ಆದರೆ ಸಿಗ್ನಲ್ ಇಲ್ಲದ ಕಣಿವೆಯಲ್ಲಿ ಕ್ಯಾರವಾನ್ ನಿಲ್ಲಿಸಿದವರಿಗೆ ಆ ಸಂದೇಶ ತಲುಪುವುದಿಲ್ಲ. ಅವರಿಗೆ ಉಳಿದ ಕಾವಲು ಕಿವಿ ಒಂದೇ, ಅದನ್ನೂ ಸಬ್‌ವೂಫರ್ ಮುಚ್ಚಿಬಿಟ್ಟರೆ? ಬಾಗಿಲು ತೆರೆದು ಕತ್ತಲಿಗೆ ಕಾಲಿಡುವವರಿಗೆ ಹತ್ತು ಗಜದಲ್ಲಿ ಏನಿದೆ ಎಂಬುದೇ ಗೊತ್ತಾಗುವುದಿಲ್ಲ. ಸಂಜೆಯಾದ ಮೇಲೆ ಹಾಡು, ಸಿನಿಮಾ ಎಲ್ಲವೂ ವಾಹನದೊಳಗೆ, ಹೊರಗಿನ ನಾಯಿಯ ಬೊಗಳು ಕೇಳುವಷ್ಟೇ ಸದ್ದಿನಲ್ಲಿ ಇರಲಿ. ಹೊರಗೆ ಬೆಳ್ಳನೆಯ ಬಟ್ಟೆ ಕಟ್ಟಿ ಪ್ರೊಜೆಕ್ಟರ್ ಹಾಕುವ ಆಸೆಯನ್ನೂ ಇಲ್ಲಿ ಬಿಡಿ. ಮೊದಲ ಮಳೆ ಬಿದ್ದ ಮೇಲೆ ಆ ಬೆಳಕಿಗೆ ರೆಕ್ಕೆಹುಳುಗಳು ಮುತ್ತಿ ಚಿತ್ರವೇ ಕಾಣುವುದಿಲ್ಲ. ಕುಟುಂಬವೆಲ್ಲ ಕತ್ತಲಿಗೆ ಬೆನ್ನು ಹಾಕಿ ಕೂರುವುದಂತೂ ಈ ನಾಡಿನಲ್ಲಿ ಮಾಡಬಾರದ ಕೆಲಸ.

ತೇವ, ಸಿಡಿಲುಗಳ ಬಗ್ಗೆ ಎರಡು ಮಾತು. ಮಳೆಗಾಲದಲ್ಲಿ ವಾರಗಟ್ಟಲೆ ಮುಚ್ಚಿಟ್ಟ ಟಿ.ವಿ., ಆಂಪ್ಲಿಫೈಯರ್‌ಗಳ ಒಳಗೆ ಬೂಷ್ಟು ಹಿಡಿಯುತ್ತದೆ, ಪಿನ್ನುಗಳು ಹಸಿರುಗಟ್ಟುತ್ತವೆ. ಮೂರು ನಾಲ್ಕು ದಿನಕ್ಕೊಮ್ಮೆ ಅರ್ಧ ಗಂಟೆ ಚಾಲೂ ಮಾಡಿದರೆ ಒಳಗಿನ ಬಿಸಿಯೇ ತೇವ ಒಣಗಿಸುತ್ತದೆ. ಹೊರಗಿನಿಂದ ಬರುವ ಡಿಶ್ ಕೇಬಲ್ ವಾಹನ ಹೊಗುವ ಮುನ್ನ ಒಮ್ಮೆ ಕೆಳಕ್ಕೆ ಬಾಗಿ ಮೇಲೇರಲಿ. ನೀರು ಆ ಬಾಗಿನಲ್ಲಿ ತೊಟ್ಟಿಕ್ಕಿ ಹೋಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಸಿಡಿಲಿನೊಂದಿಗೆ ಮಳೆ ಬರುವಾಗ ಡಿಶ್ ಕೇಬಲ್ಲನ್ನೂ ಹೊರಗಿನ ಕರೆಂಟ್ ವೈರನ್ನೂ ಕಳಚಿಬಿಡಿ. ಬ್ಯಾಟರಿಯಲ್ಲಿ ರೇಡಿಯೊ ಕೇಳಲು ತೊಂದರೆಯಿಲ್ಲ.

ತೋಟದ ಮಾಲೀಕರಲ್ಲಿ, ಹೋಮ್‌ಸ್ಟೇ ನಡೆಸುವವರಲ್ಲಿ ನನ್ನದೊಂದು ಕೋರಿಕೆ. ಕ್ಯಾರವಾನ್‌ನವರಿಗೆ ಜಾಗ ಕೊಡುವಾಗ ಸರಿಯಾದ ಅರ್ಥಿಂಗ್ ಮತ್ತು 30 ಮಿಲಿಆಂಪಿಯರ್‌ನ ಇಎಲ್‌ಸಿಬಿ ಇರುವ ಒಂದು 16 ಆಂಪಿಯರ್ ಸಾಕೆಟ್ ಕೊಡಿ, ಆಗ್ನೇಯಕ್ಕೆ ಬಾನು ಕಾಣುವ ಸಮತಟ್ಟು ಜಾಗ ತೋರಿಸಿ. ಸಂಜೆ ಐದಕ್ಕೇ ಹೋಗಿ, ಆ ದಿನ ಆನೆ ಎಲ್ಲಿದೆ, ರಾತ್ರಿ ಯಾರಿಗೆ ಫೋನ್ ಮಾಡಬೇಕು, ಸಿಗ್ನಲ್ ಎಲ್ಲಿ ಸಿಗುತ್ತದೆ ಎಂಬುದನ್ನು ಬಾಯಿಬಿಟ್ಟು ಹೇಳಿ ಬನ್ನಿ. ರಾತ್ರಿ ಹತ್ತಾದ ಮೇಲೆ ಹಾಡು ಜೋರಾಗಿದ್ದರೆ ಅತಿಥಿ ಎಂಬ ಸಂಕೋಚ ಬಿಟ್ಟು ಆರಿಸಲು ಹೇಳಿ.